ವೇತನವಿಲ್ಲದ ಸೇವೆ, ಸಂಸ್ಥೆಯ ಹೊಣೆ: ಸ್ವಯಂಸೇವಕರ ಪೋಷಣೆ ಮತ್ತು ಸುರಕ್ಷತೆಯನ್ನು ಕುರಿತ ಒಂದು ವಿವೇಚನೆ

1

1923ನೆಯ ಇಸವಿಯಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಂಗತಿಗಳು ನಮ್ಮ ದೇಶದಲ್ಲಿ ನಡೆದುವು. ಕೆಲಸದಲ್ಲಿ ಗಾಯಗೊಂಡ ಕಾರ್ಮಿಕನಿಗೂ ಮಡಿದವನ ಕುಟುಂಬಕ್ಕೂ ಧಣಿಯು ಪರಿಹಾರ ಕೊಡತಕ್ಕದ್ದೆಂದು ವಿಧಿಸಿದ ಕಾರ್ಮಿಕ ಪರಿಹಾರ ಶಾಸನವು ಆ ವರ್ಷ ಅಂಗೀಕೃತವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಸಂದರ್ಭದಲ್ಲಿ, ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರ ಪ್ರಯತ್ನದ ಫಲವಾಗಿ ಹಿಂದೂಸ್ತಾನಿ ಸೇವಾದಳವು ಸ್ಥಾಪಿತವಾಯಿತು. ಶಾಸನವು ಪರಿಹಾರದ ಮೊತ್ತವನ್ನು ಮಾಸಿಕ ವೇತನದ ಆಧಾರದ ಮೇಲೆ ಗಣಿಸಿತು. ದಳವು ವೇತನದ ಹಂಗೇ ಇಲ್ಲದ ತರುಣರನ್ನು ಸಂಘಟಿಸಿತು. ಕೂಲಿಗೆ ಮಣ್ಣು ಹೊರುವವನ ಕಾಲು ಮುರಿದರೆ ಉತ್ತರ ಹೇಳಬೇಕಾದವನು ಯಾರೆಂಬುದು ಹೀಗೆ ಕ್ರಮೇಣ ನಿಶ್ಚಿತವಾಗುತ್ತ ಬಂದಿತು; ಅದೇ ಮಣ್ಣನ್ನು ಸೇವೆಯೆಂದು ಹೊರುವವನ ಕಾಲು ಮುರಿದರೆ ಯಾರು ಉತ್ತರ ಹೇಳಬೇಕೆಂಬುದು ಮಾತ್ರ ಅನಿಶ್ಚಿತವಾಗಿಯೇ ಉಳಿಯಿತು.

ಈ ಲೇಖನದ ಪ್ರತಿಪಾದ್ಯವು ಸಂಕ್ಷೇಪವಾಗಿ ಇಷ್ಟು: ವೇತನವಿಲ್ಲವೆಂಬ ಕಾರಣದಿಂದ ದತ್ತಿಸಂಸ್ಥೆಯ ಹೊಣೆಯು ಕಡಮೆಯಾಗುವುದಿಲ್ಲ, ಶಾಸನದ ಆಸರೆಯು ಎಲ್ಲಿ ದುರ್ಬಲವೋ ಅಲ್ಲಿ ಅದು ಮತ್ತಷ್ಟು ಹೆಚ್ಚುತ್ತದೆ. ಸ್ವಯಂಸೇವಕನ ರಕ್ಷಣೆ, ಅವನಿಂದ ಸೇವೆ ಪಡೆಯುವವರ ರಕ್ಷಣೆ, ಇವೆರಡೂ ಒಂದೇ ವ್ಯವಸ್ಥೆಯಿಂದ ಸಾಧ್ಯವಾಗಬೇಕಾದುವು. ಸ್ವಯಂಸೇವಕನು ಹದಿನೆಂಟು ತುಂಬದ ವಿದ್ಯಾರ್ಥಿಯಾಗಿದ್ದರಂತೂ ಇವುಗಳನ್ನು ಬೇರ್ಪಡಿಸುವುದೇ ಅಶಕ್ಯ.

2

ಸೇವಾದಳದ ಇತಿಹಾಸದಿಂದ ತಿಳಿಯಬೇಕಾದ ಮೊದಲ ಪಾಠವೆಂದರೆ ಉತ್ಸಾಹಕ್ಕೆ ಶಿಕ್ಷಣವು ಅವಶ್ಯಕವೆಂಬುದು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನವು ನಡೆದಾಗ, ವಿಜಯನಗರವೆಂದು ಹೆಸರಿಟ್ಟ ಆ ತಾತ್ಕಾಲಿಕ ಪಟ್ಟಣದಲ್ಲಿ ನೀರು, ನೈರ್ಮಲ್ಯ, ಜನಸಂದಣಿ, ಅತಿಥಿಸತ್ಕಾರ ಮೊದಲಾದುವನ್ನು ನಿರ್ವಹಿಸುವುದು ಬರಿಯ ದೇಶಭಕ್ತಿಯಿಂದ ಆಗತಕ್ಕ ಕೆಲಸವಾಗಿರಲಿಲ್ಲ. ಕವಾಯತು, ಕಾರ್ಯವಿಭಾಗ, ನಾಯಕನ ಆಜ್ಞೆಗೆ ವಿಧೇಯತೆ ಇವುಗಳಿಂದ ರೂಪುಗೊಂಡ ದಳವೊಂದು ಅಲ್ಲಿ ಬೇಕಾಗಿದ್ದಿತು. ಮಹಿಳಾ ವಿಭಾಗದ ನೇತೃತ್ವ ವಹಿಸಿದ ಉಮಾಬಾಯಿ ಕುಂದಾಪುರ ಅವರು, ಮನೆಯ ಹೊಸಿಲು ದಾಟುವುದೇ ಸಾಹಸವಾಗಿದ್ದ ಕಾಲದಲ್ಲಿ, ವಿಧವೆಯರನ್ನೂ ಒಳಗೊಂಡ ಸ್ವಯಂಸೇವಿಕೆಯರ ಪಡೆಯನ್ನು ಆ ಅಧಿವೇಶನಕ್ಕೆ ಸಿದ್ಧಗೊಳಿಸಿದರು. ಹೆಣ್ಣುಮಕ್ಕಳನ್ನು ಅಷ್ಟು ದೊಡ್ಡ ಜನಸಮೂಹದ ನಡುವೆ ಕಳುಹಿಸಲು ಕುಟುಂಬಗಳು ಒಪ್ಪಬೇಕಾದರೆ, ಅವರ ಕ್ಷೇಮಕ್ಕೆ ಹೊಣೆಯಾಗತಕ್ಕ ಒಬ್ಬ ವಿಶ್ವಾಸಾರ್ಹ ವ್ಯಕ್ತಿ ಎದುರಿಗಿರಬೇಕಾಗಿದ್ದಿತೆಂಬುದು ಸುಲಭವಾಗಿ ಊಹಿಸತಕ್ಕ ಮಾತು.

ಆದರೆ ಆ ಶಿಸ್ತಿನ ಮುಖ್ಯ ಲಕ್ಷ್ಯವು ಕಾರ್ಯಸಿದ್ಧಿ. ಸೆರೆಮನೆಯನ್ನೂ ಲಾಠಿಯ ಏಟನ್ನೂ ಎದುರಿಸಲು ಸಿದ್ಧನಾದ ಸೈನಿಕನ ಆದರ್ಶವು ಅದರ ಹಿಂದಿದ್ದಿತು. ಸ್ವಾತಂತ್ರ್ಯ ಸಮರಕ್ಕೆ ಉಚಿತವಾಗಿದ್ದ ಆ ಆದರ್ಶವನ್ನು ಕೆರೆಯ ಹೂಳೆತ್ತುವ ವಿದ್ಯಾರ್ಥಿಗೆ, ಸಂಜೆಯ ಪಾಠಶಾಲೆಯಲ್ಲಿ ಅಕ್ಷರ ಕಲಿಸುವ ತರುಣಿಗೆ ಯಥಾವತ್ತಾಗಿ ಅನ್ವಯಿಸುವುದು ಸರಿಯಲ್ಲ. ‘ಸೇವೆಗೆ ಬಂದವರು ಕಷ್ಟ ಸಹಿಸಬೇಕು’ ಎಂಬ ಮಾತು ಇಂದಿಗೂ ಅನೇಕ ಸಂಸ್ಥೆಗಳಲ್ಲಿ ಕೇಳಿಬರುತ್ತದೆ. ವ್ಯವಸ್ಥಾಪಕರ ಅಲಕ್ಷ್ಯದಿಂದ ಒದಗಿದ ಕಷ್ಟವನ್ನು ತ್ಯಾಗವೆಂದು ವರ್ಣಿಸುವುದಕ್ಕೆ ಅದು ಎಷ್ಟೋ ವೇಳೆ ಸಾಧನವಾಗುತ್ತದೆ.

3

ಸ್ವಾತಂತ್ರ್ಯೋತ್ತರ ಕಾಲದಲ್ಲಿ ಯುವಜನರ ಸೇವೆಗೆ ಅತ್ಯಂತ ವ್ಯಾಪಕವಾದ ಚೌಕಟ್ಟನ್ನು ಒದಗಿಸಿದುದು ರಾಷ್ಟ್ರೀಯ ಸೇವಾ ಯೋಜನೆ. ಗಾಂಧೀ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಕೇಂದ್ರ ಶಿಕ್ಷಣ ಸಚಿವರಾಗಿದ್ದ ಡಾಕ್ಟರ್ ವಿ. ಕೆ. ಆರ್. ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ, ಸುಮಾರು 40,000 ವಿದ್ಯಾರ್ಥಿಗಳೊಡನೆ ಇದನ್ನು ಆರಂಭಿಸಿದರು. ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ದತ್ತು ಗ್ರಾಮದಲ್ಲಿ ಏಳು ದಿನಗಳ ವಿಶೇಷ ಶಿಬಿರ, ಸಾಮಾನ್ಯವಾಗಿ ನೂರು ಸ್ವಯಂಸೇವಕರ ಘಟಕಕ್ಕೆ ಒಬ್ಬ ಕಾರ್ಯಕ್ರಮಾಧಿಕಾರಿ: ಈ ರಚನೆಯಲ್ಲಿ ದತ್ತಿಸಂಸ್ಥೆಗಳು ಅನುಸರಿಸತಕ್ಕ ಗುಣಗಳು ಉಂಟು. ಸೇವೆಯ ಅವಧಿಗೆ ಮಿತಿಯಿದೆ, ಲೆಕ್ಕವಿದೆ, ಹೊಣೆ ಹೊರುವ ವ್ಯಕ್ತಿಯ ಹೆಸರಿದೆ. ಆದರೆ ಆ ಅಧಿಕಾರಿಯು ಪಾಠವನ್ನೂ ಮೌಲ್ಯಮಾಪನವನ್ನೂ ನಿರ್ವಹಿಸಬೇಕಾದ ಅಧ್ಯಾಪಕನೇ ಆಗಿರುವುದರಿಂದ, ಮೇಲ್ವಿಚಾರಣೆಯ ಸಮಸ್ತ ಭಾರವೂ ಒಬ್ಬನ ಮೇಲೆ ಬೀಳುವ ಅಪಾಯವೂ ಅಲ್ಲಿಯೇ ಇದೆ.

ಶಿಬಿರದ ಒಂದು ಸಾಮಾನ್ಯ ದಿನವನ್ನು ಸಮೀಪದಿಂದ ನೋಡಿದರೆ ವಿಷಯವು ವಿಶದವಾಗುತ್ತದೆ. ಹಳ್ಳಿಯ ಪ್ರಾಥಮಿಕ ಶಾಲೆಯ ಕೊಠಡಿಗಳಲ್ಲಿ ಬೆಂಚುಗಳನ್ನು ಬದಿಗೆ ಸರಿಸಿ ಚಾಪೆ ಹಾಸಿರುತ್ತಾರೆ. ಬೆಳಗಿನ ಧ್ವಜಾರೋಹಣ, ಉಪ್ಪಿಟ್ಟು ಮುಗಿದ ಮೇಲೆ ಗುದ್ದಲಿ, ಪಿಕಾಸಿ, ಬಾಂಡಲಿಗಳೊಡನೆ ಶಿಬಿರಾರ್ಥಿಗಳು ಕೆರೆಯಂಗಳಕ್ಕೆ ಇಳಿಯುತ್ತಾರೆ. ಪಿಕಾಸಿಯನ್ನು ಎಂದೂ ಹಿಡಿಯದ ಕೈಗಳು ಅಕ್ಕಪಕ್ಕದಲ್ಲಿ ಒತ್ತೊತ್ತಾಗಿ ನಿಂತು ಅದನ್ನು ಎತ್ತುತ್ತವೆ. ಹೊತ್ತೇರಿದಂತೆ ಕೊಡದಲ್ಲಿ ತಂದ ನೀರು ಬರಿದಾಗುತ್ತದೆ. ಕೆಲಸ ಮುಗಿದು ಮೈಯ ಕೆಸರು ತೊಳೆಯಲೆಂದು ನಾಲ್ಕಾರು ಹುಡುಗರು, ಈಜು ಬಾರದವರೂ, ಕೆರೆಯ ಆಳದ ಬದಿಗೆ ನಡೆಯುತ್ತಾರೆ. ರಾತ್ರಿ ಮನರಂಜನಾ ಕಾರ್ಯಕ್ರಮ ಮುಗಿದಾಗ ಹೆಣ್ಣುಮಕ್ಕಳ ಕೊಠಡಿಯ ಅಗಳಿಯು ಸರಿಯಾಗಿಲ್ಲವೆಂಬುದೂ, ಶೌಚಾಲಯವು ಕತ್ತಲಿನ ಆಚೆಗಿದೆಯೆಂಬುದೂ ಗಮನಕ್ಕೆ ಬರುತ್ತದೆ.

ಇವುಗಳಲ್ಲಿ ಯಾವುದೂ ದೈವದ ಆಟವಲ್ಲ. ಸ್ಥಳವನ್ನು ಮುಂಚಿತವಾಗಿ ನೋಡಿಬಂದ ಯಾರಿಗಾದರೂ ಕಾಣತಕ್ಕುದೇ. ಎಲ್ಲೆಲ್ಲಿ ಹೊಂಡಗಳಿವೆಯೆಂಬುದು ಊರಿನ ಹಿರಿಯರಿಗೆ ತಿಳಿದಿರುತ್ತದೆ. ಕೇಳಬೇಕಾದುದು ಸಂಸ್ಥೆಯ ಕೆಲಸ. ಪ್ರಾಥಮಿಕ ಆರೋಗ್ಯ ಕೇಂದ್ರದ ದೂರ, ರಾತ್ರಿಯ ವೇಳೆ ನಿಲ್ಲತಕ್ಕ ವಾಹನ, ಜೊತೆಗಿರುವ ಮಹಿಳಾ ಅಧಿಕಾರಿ, ಅಪಸ್ಮಾರ, ಉಬ್ಬಸ, ಔಷಧದ ಒಗ್ಗದಿಕೆ ಮುಂತಾದ ವಿವರಗಳುಳ್ಳ ಪೋಷಕರ ಒಪ್ಪಿಗೆ ಪತ್ರ, ಕೆಲಸಕ್ಕೆ ಇಳಿಯುವ ಮೊದಲೂ ಮರಳಿದ ಮೇಲೂ ಹಾಜರಿ: ಇಷ್ಟರಿಂದ ಅಪಾಯಗಳಲ್ಲಿ ಬಹುಭಾಗವು ತಪ್ಪುತ್ತದೆ. ಎರಡನೆಯ ಹಾಜರಿಯನ್ನು ಅನೇಕರು ಕೈಬಿಡುತ್ತಾರೆ. ನೀರಿನ ಬಳಿ ಉಳಿದುಹೋದವನೊಬ್ಬನುಂಟೆಂದು ಹೇಳತಕ್ಕದ್ದು ಅದೊಂದೇ.

4

ಯೋಜನೆಯು ಪದವಿಪೂರ್ವ ಮಟ್ಟಕ್ಕೂ ವಿಸ್ತರಿಸಿರುವುದರಿಂದ, ಹದಿನಾರು ಹದಿನೇಳರ ಸ್ವಯಂಸೇವಕರು ಇಂದು ವಿರಳರಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೋ ಕಾಯಿದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲರೂ ಮಕ್ಕಳು. ಆದುದರಿಂದ ಅಂಗನವಾಡಿಯ ಮಕ್ಕಳಿಗೆ ಕಥೆ ಹೇಳಲು ಬಂದ ಪಿಯುಸಿ ವಿದ್ಯಾರ್ಥಿನಿಯು ಏಕಕಾಲದಲ್ಲಿ ಸೇವೆಯನ್ನು ನೀಡುವವಳೂ ರಕ್ಷಣೆಗೆ ಅರ್ಹಳೂ ಆಗಿರುತ್ತಾಳೆ. ಮಕ್ಕಳ ರಕ್ಷಣಾ ನೀತಿಯನ್ನು ಬರೆದಿಟ್ಟುಕೊಂಡ ಸಂಸ್ಥೆಗಳು ಕೂಡ ಆ ಅಂಗನವಾಡಿಯ ಮಕ್ಕಳನ್ನು ಮಾತ್ರ ಲಕ್ಷಿಸಿ, ಈ ವಿದ್ಯಾರ್ಥಿನಿಯನ್ನು ಕಾರ್ಯಕರ್ತೆಯರ ಪಟ್ಟಿಗೆ ಸೇರಿಸಿ ಸುಮ್ಮನಾಗುವುದುಂಟು.

ಮಕ್ಕಳೊಡನೆ ನಿಯತ ಸಂಪರ್ಕವಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೂರ್ವಾಪರಗಳನ್ನು ಪೊಲೀಸರ ಮೂಲಕ ಕಾಲಕಾಲಕ್ಕೆ ಪರಿಶೀಲಿಸತಕ್ಕದ್ದೆಂದು 2020ರ ಪೋಕ್ಸೋ ನಿಯಮಗಳು ವಿಧಿಸುತ್ತವೆ. ನಿಯಮದ ಭಾಷೆಯು ಮುಖ್ಯವಾಗಿ ಉದ್ಯೋಗಿಗಳನ್ನು ಉದ್ದೇಶಿಸಿದ್ದು; ಭಾನುವಾರ ಮಾತ್ರ ಬರುವ ಸ್ವಯಂಸೇವಕನು ಅದರ ಅಂಚಿನಲ್ಲಿ ನಿಲ್ಲುತ್ತಾನೆ. ಆದರೆ ಮಗುವಿನ ಮಟ್ಟಿಗೆ ಸಂಬಳದವನಿಗೂ ಸಂಬಳವಿಲ್ಲದವನಿಗೂ ವ್ಯತ್ಯಾಸವಿಲ್ಲ. ಗುರುತಿನ ಪತ್ರ, ಇಬ್ಬರು ಪರಿಚಿತರ ಹೇಳಿಕೆ, ಪೊಲೀಸ್ ಪರಿಶೀಲನೆ ಇವು ಆಗುವ ತನಕ ಯಾರನ್ನೂ ಮಕ್ಕಳ ಬಳಿ ಒಂಟಿಯಾಗಿ ಬಿಡದಿರುವುದು ನಿಯಮದ ಅಕ್ಷರವಲ್ಲದಿದ್ದರೂ ಅದರ ಆಶಯವೆನ್ನಬೇಕು. ಪರಿಶೀಲನೆ ಮುಗಿದವರಿಗೂ ಕೆಲವು ಮರ್ಯಾದೆಗಳುಂಟು: ಮುಚ್ಚಿದ ಬಾಗಿಲಿನ ಹಿಂದೆ ಒಂಟಿ ಪಾಠವಿಲ್ಲ, ಮಗುವಿನೊಡನೆ ಖಾಸಗಿ ದೂರವಾಣಿ ಸಂದೇಶಗಳಿಲ್ಲ, ಬಾಲಮಂದಿರದ ಮಕ್ಕಳ ಭಾವಚಿತ್ರಗಳ ಪ್ರಕಟಣೆಯಿಲ್ಲ. ಈ ಕೊನೆಯದು ಶಿಷ್ಟಾಚಾರವಷ್ಟೇ ಅಲ್ಲ; 2015ರ ಬಾಲನ್ಯಾಯ ಕಾಯಿದೆಯು ಅಂತಹ ಮಕ್ಕಳ ಗುರುತನ್ನು ಬಹಿರಂಗಪಡಿಸುವುದನ್ನು ನಿಷೇಧಿಸಿದೆ.

ಅಪರಾಧದ ಶಂಕೆಯುಂಟಾದಾಗ ಸಂಸ್ಥೆಯ ಗೌರವವನ್ನು ಉಳಿಸಲೆಂದು ‘ಒಳಗೊಳಗೇ ವಿಚಾರಿಸುವ’ ಪದ್ಧತಿಯು ನಮ್ಮಲ್ಲಿ ಬೇರೂರಿದೆ. ಪೋಕ್ಸೋ ಕಾಯಿದೆಯ 19ನೆಯ ಪ್ರಕರಣವು ಇದಕ್ಕೆ ಎಡೆಗೊಡುವುದಿಲ್ಲ: ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು; ಅಧೀನದವನ ಕೃತ್ಯವನ್ನು ತಿಳಿಸದೆ ಬಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ 21ನೆಯ ಪ್ರಕರಣದ ಮೇರೆಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಈ ಕರ್ತವ್ಯವನ್ನೂ, ಮಕ್ಕಳ ಸಹಾಯವಾಣಿ 1098ನ್ನೂ, ಸ್ವಯಂಸೇವಕನಿಗೆ ಮೊದಲ ದಿನವೇ ತಿಳಿಸಿಕೊಡುವುದು ಸಂಸ್ಥೆಯ ಕೆಲಸ.

5

ರಕ್ಷಣೆಯು ನಿಷೇಧಗಳಿಂದಲೇ ಪೂರ್ಣವಾಗತಕ್ಕದ್ದಲ್ಲ. ಪೋಷಣೆಯೂ ಅದರ ಅಂಗ. ಯಾವ ಕೆಲಸ, ಎಷ್ಟು ಹೊತ್ತು, ಯಾರನ್ನು ಕೇಳಬೇಕು ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಡುವುದು, ಬಸ್ಸಿನ ಖರ್ಚನ್ನೂ ಊಟವನ್ನೂ ಕೇಳದೆಯೇ ಒದಗಿಸುವುದು, ಸಾಮೂಹಿಕ ಅಪಘಾತ ವಿಮೆ ಮಾಡಿಸುವುದು ಇವು ಸಂಸ್ಥೆಯ ಔದಾರ್ಯವಲ್ಲ, ಋಣ. ಪ್ರಯಾಣದ ಖರ್ಚು ಕೊಡದ ಸಂಸ್ಥೆಯು ಬಡ ಮನೆಯ ತರುಣರಿಗೆ ಸೇವೆಯ ಬಾಗಿಲನ್ನು ತನಗರಿವಿಲ್ಲದೆಯೇ ಮುಚ್ಚುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಂತಹ ವಿಪತ್ತುಗಳಲ್ಲಿ ಮನೆಮಠ ಕಳೆದುಕೊಂಡವರ ದುಃಖವನ್ನು ದಿನವಿಡೀ ಕೇಳಿದ ಇಪ್ಪತ್ತರ ಹುಡುಗನಿಗೆ ಸರದಿಯ ವಿರಾಮವೂ, ಸಂಜೆ ಮನಬಿಚ್ಚಿ ಮಾತಾಡಲು ಹಿರಿಯರೊಬ್ಬರೂ ಬೇಕು.

ಇಷ್ಟೆಲ್ಲ ಕಾಗದಪತ್ರಗಳಿಂದ ಸೇವಾಭಾವವೇ ಬತ್ತಿಹೋಗುವುದೆಂಬ ಆಕ್ಷೇಪವುಂಟು. ಚಿಕ್ಕ ಸಂಸ್ಥೆಗಳಿಗೆ ಇದು ಭಾರವೆಂಬುದೂ ಅರ್ಧ ಸತ್ಯ. ಆದುದರಿಂದ ವ್ಯವಸ್ಥೆಯು ಅಪಾಯದ ಪ್ರಮಾಣಕ್ಕೆ ತಕ್ಕಂತಿರಬೇಕು: ಗ್ರಂಥಾಲಯದ ಪುಸ್ತಕಗಳನ್ನು ಜೋಡಿಸುವವನಿಗೆ ಪೊಲೀಸ್ ಪರಿಶೀಲನೆ ಬೇಕಿಲ್ಲ, ವಸತಿನಿಲಯದಲ್ಲಿ ರಾತ್ರಿ ತಂಗುವವನಿಗೆ ಬೇಕೇ ಬೇಕು. ಎರಡನೆಯ ಹಾಜರಿಗೂ ತೆರೆದಿಟ್ಟ ಬಾಗಿಲಿಗೂ ಕಾಸು ಖರ್ಚಿಲ್ಲ. ಪ್ರಶ್ನಿಸಿದರೆ ಸಜ್ಜನರಿಗೆ ಅವಮಾನವಾಗುವುದೆಂಬ ಸಂಕೋಚವೂ ನಿಲ್ಲತಕ್ಕದ್ದಲ್ಲ. ನಿಯಮವು ಎಲ್ಲರಿಗೂ ಸಮಾನವಾಗಿದ್ದಾಗ ಯಾರನ್ನೂ ಶಂಕಿಸಿದಂತಾಗುವುದಿಲ್ಲ.

ಶಾಸನವೂ ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದೆ. ಕಾರ್ಮಿಕ ಪರಿಹಾರ ಶಾಸನಕ್ಕೆ ತೊಂಬತ್ತು ವರ್ಷ ತುಂಬಿದ 2013ರಲ್ಲಿ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ ಕಾಯಿದೆಯು, ಸಂಭಾವನೆಯಿಲ್ಲದೆ ಸ್ವಯಂಪ್ರೇರಣೆಯಿಂದ ದುಡಿಯುವವರನ್ನೂ ಉದ್ಯೋಗಿಗಳೆಂದೇ ಪರಿಗಣಿಸಿತು. ಹತ್ತು ಮಂದಿಗೆ ಕಡಮೆಯಿಲ್ಲದ ಸಂಸ್ಥೆಗಳು, ಟ್ರಸ್ಟುಗಳೂ ಸೇರಿ, ಆಂತರಿಕ ಸಮಿತಿಯನ್ನು ರಚಿಸತಕ್ಕದ್ದೆಂದು ವಿಧಿಸಿತು. ಒಂದು ವಿಷಯದಲ್ಲಿ ಶಾಸನವು ಒಪ್ಪಿಕೊಂಡ ಈ ತತ್ತ್ವವನ್ನು ಉಳಿದ ವಿಷಯಗಳಿಗೆ ವಿಸ್ತರಿಸಲು ದತ್ತಿಸಂಸ್ಥೆಗಳು ಮತ್ತೊಂದು ಶಾಸನವನ್ನು ಕಾಯಬೇಕಾಗಿಲ್ಲ. ಟ್ರಸ್ಟಿಗಳ ವಾರ್ಷಿಕ ಸಭೆಯಲ್ಲಿ ಆಯವ್ಯಯವನ್ನು ಪರಿಶೀಲಿಸುವಷ್ಟೇ ಶ್ರದ್ಧೆಯಿಂದ, ಆ ವರ್ಷ ಎಷ್ಟು ಮಂದಿ ಸ್ವಯಂಸೇವಕರು ಬಂದರು, ಅವರಲ್ಲಿ ಅಪ್ರಾಪ್ತ ವಯಸ್ಕರೆಷ್ಟು, ಯಾರಿಗೆ ಪೆಟ್ಟಾಯಿತು, ಯಾವ ದೂರು ಬಂದಿತು, ಅದಕ್ಕೆ ಏನು ಮಾಡಲಾಯಿತು ಎಂಬುದನ್ನು ನಡವಳಿ ಪುಸ್ತಕದಲ್ಲಿ ದಾಖಲಿಸುವ ಪರಿಪಾಠವು ಬಂದರೆ, ಉಳಿದ ಸುಧಾರಣೆಗಳಿಗೆ ಅದೇ ಆಧಾರವಾಗುವುದು. ಏಕೆಂದರೆ ಲೆಕ್ಕ ಒಪ್ಪಿಸಬೇಕಾದ ಕೆಲಸವನ್ನು ಯಾವ ಸಂಸ್ಥೆಯೂ ಬಹುಕಾಲ ಅಲಕ್ಷಿಸಲಾರದು.