ದೇಣಿಗೆ ಮತ್ತು ಡೊನೇಷನ್

ಹೋದ ತಿಂಗಳು ಊರಿಂದ ಕಾಕಾ ಫೋನ್ ಮಾಡಿದ್ರು. ನಮ್ಮೂರು ತಿಕೋಟಾದ ಹತ್ತಿರ. ಅವರ ಮಗ ಪಿಯುಸಿ ಸೈನ್ಸ್ ಮುಗಿಸಿದ್ದಾನೆ. ಬೆಂಗಳೂರಿನ ಒಂದು ಖಾಸಗಿ ಯೂನಿವರ್ಸಿಟಿಯವರು ವಿಜಯಪುರದ ಹೋಟೆಲ್ ಒಂದರಲ್ಲಿ ಮೀಟಿಂಗ್ ಮಾಡಿ, ಚಹಾ ಕುಡಿಸಿ, ಬಣ್ಣದ ಪುಸ್ತಕ ಕೊಟ್ಟು ಕಳಿಸಿದ್ದಾರೆ.

"ತಮ್ಮಾ, ನಾಲ್ಕು ವರ್ಷಕ್ಕ ಹದಿನಾರು ಲಕ್ಷ ಅಂತ. ಹಂಡ್ರೆಡ್ ಪರ್ಸೆಂಟ್ ನೌಕರಿ ಅಂತ ಬರದಾರ. ಎರಡು ಎಕರೆ ಕೊಟ್ರ ಆಗ್ತದ. ನೀ ಇಂಜಿನಿಯರ್ ಅದಿ, ಹೇಳು. ಏನ್ ಮಾಡೂಣು?"

ಆ ಗಳಿಗೆಯಲ್ಲಿ ನನಗೆ ಉತ್ತರ ಹೊಳೀಲಿಲ್ಲ. ಯಾಕಂದ್ರೆ 2006ರಲ್ಲಿ ನಮ್ಮಪ್ಪನೂ ಇದೇ ಪ್ರಶ್ನೆಯನ್ನ ಯಾರಿಗೋ ಕೇಳಿದ್ದ. ಅವನಿಗೆ ಸಿಕ್ಕ ಉತ್ತರದ ಫಲ ನಾನು. ಫೋನ್ ಇಟ್ಟ ಮೇಲೆ ಒಂದು ವಾರ ಈ ವಿಷಯದ ಹಿಂದೆ ಬಿದ್ದೆ. ಓದಿಗಾಗಿ ಹೊಲ ಮಾರೋ ಪದ್ಧತಿ ನಮ್ಮ ಕಡೆ ಯಾವಾಗ, ಹೆಂಗೆ ಬಂತು ಅಂತ. ಹುಡುಕ್ತಾ ಹೋದಂಗೆ ಒಂದು ಶಬ್ದ ಮತ್ತೆ ಮತ್ತೆ ಎದುರಾಯ್ತು. ದೇಣಿಗೆ. ಇಂಗ್ಲಿಷಿನಲ್ಲಿ ಡೊನೇಷನ್. ನಿಘಂಟಿನಲ್ಲಿ ಎರಡೂ ಒಂದೇ. ನಮ್ಮ ಕಡೆಯ ಮನೆಗಳಲ್ಲಿ ಮಾತ್ರ ಎರಡೂ ಬೇರೆ ಬೇರೆ.

ನೂರು ವರ್ಷಕ್ಕೂ ಹಿಂದಿನ ಬಿಜಾಪುರದಿಂದ ಶುರು ಮಾಡೋಣ. ಆಗ ಈ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. 1876ರಿಂದ 78ರವರೆಗಿನ ಬರ ಈ ಭಾಗದ ಬೆನ್ನು ಮುರಿದಿತ್ತು. ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂದದ್ದೇ 1885ರಲ್ಲಿ. ತಿಕೋಟಾ, ಬಬಲೇಶ್ವರದ ಕಡೆಯ ಹುಡುಗ 1910ರಲ್ಲಿ ಬಿಎ ಓದಬೇಕಂದ್ರೆ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಧಾರವಾಡದ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಬೆಳಗಾವಿಯ ಲಿಂಗರಾಜ ಕಾಲೇಜು 1933ರಲ್ಲಿ. ಬಿಜಾಪುರದ ವಿಜಯ ಕಾಲೇಜು 1945ರಲ್ಲಿ. ಮಳೆ ನಂಬಿ ಬಿಳಿಜೋಳ ಬಿತ್ತೋ ಮನೆಯವರಿಗೆ ಪುಣೆ ಅಂದ್ರೆ ಇವತ್ತಿನ ಅಮೆರಿಕ.

ಆ ಹೊತ್ತಿನಲ್ಲಿ ಬಿಜಾಪುರದಲ್ಲಿ ವಕೀಲಿ ಮಾಡ್ತಿದ್ದವರು ಫ.ಗು. ಹಳಕಟ್ಟಿ. ಧಾರವಾಡದಲ್ಲಿ 1880ರಲ್ಲಿ ಹುಟ್ಟಿದವರು. ನಮಗೆಲ್ಲ ಅವರು ಗೊತ್ತಿರೋದು ತಾಡೋಲೆಗಳನ್ನ ಹುಡುಕಿ ವಚನ ಉಳಿಸಿದವರು ಅಂತ. 'ವಚನಶಾಸ್ತ್ರಸಾರ' ಬಂದದ್ದು 1923ರಲ್ಲಿ. ಮುದ್ರಣಾಲಯ ಹಾಕೋದಕ್ಕೆ ಇದ್ದ ಮನೆ ಮಾರಿದರು ಅನ್ನೋ ಮಾತು ಬಿಜಾಪುರದಲ್ಲಿ ಇವತ್ತಿಗೂ ಇದೆ. ಆದರೆ ಅದಕ್ಕೂ ಮುಂಚೆ, 1910ರಲ್ಲಿ, ಜಿಲ್ಲೆಯ ಹುಡುಗರ ಓದಿಗಾಗಿ ಅವರು ಒಂದು ಸಂಸ್ಥೆ ಕಟ್ಟಿದ್ದರು. ಇವತ್ತು ನಾವು ಬಿಎಲ್‌ಡಿಇ ಅನ್ನೋದು ಅದನ್ನೇ. ಎರಡು ವರ್ಷದ ನಂತರ ಸಿದ್ಧೇಶ್ವರ ಬ್ಯಾಂಕು. ಓದು ಮತ್ತು ಸಾಲ ಎರಡೂ ಸಾಮಾನ್ಯರ ಕೈಗೆ ಸಿಗಬೇಕು ಅನ್ನೋದು ಅವರ ಲೆಕ್ಕ.

ಇದು ಬಿಜಾಪುರದಲ್ಲಷ್ಟೇ ನಡೆದದ್ದಲ್ಲ. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನ ಹುಡುಗರ ವಿದ್ಯಾಭ್ಯಾಸಕ್ಕೆ ಬರೆದಿಟ್ಟು ಹೋದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಸೇರಿ ಕೆಎಲ್‌ಇ ಶುರು ಮಾಡಿದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಬಡ ಹುಡುಗರಿಗೆ ಊಟ ವಸತಿ ಕೊಟ್ಟರು. 1947ರಲ್ಲಿ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದಾಗ ಅದಕ್ಕೆ ದುಡ್ಡು ಕೊಟ್ಟ ಭೂಮರಡ್ಡಿಯವರ ಹೆಸರನ್ನೇ ಇಟ್ಟರು. ಬಿವಿಬಿ ಅಂತ ಸಲೀಸಾಗಿ ಅಂತೀವಲ್ಲ, ಅದರಲ್ಲಿ ಒಬ್ಬ ದಾನಿಯ ಹೆಸರಿದೆ.

ಇಲ್ಲೊಂದು ಮಾತು ಗಮನಿಸಿ. ಈ ದೇಣಿಗೆ ಕೊಟ್ಟವರು ಯಾರಿಗೆ ಕೊಟ್ಟರು? ತಾವು ಕಂಡಿಲ್ಲದ ಯಾರದೋ ಮಕ್ಕಳಿಗೆ. ಕೊಟ್ಟವನ ಮನೆಯ ಹುಡುಗನಿಗೆ ಸೀಟು ಸಿಗಲಿ ಅಂತ ಕೊಟ್ಟದ್ದಲ್ಲ. ಇಷ್ಟನ್ನ ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಬನ್ನಿ.

1953ರಲ್ಲಿ ಮಣಿಪಾಲದಲ್ಲಿ ಟಿ.ಎಂ.ಎ. ಪೈಯವರು ಕಸ್ತೂರಬಾ ಮೆಡಿಕಲ್ ಕಾಲೇಜು ಶುರು ಮಾಡಿದರು. ಸರ್ಕಾರದ ಹತ್ತಿರ ದುಡ್ಡಿಲ್ಲ, ದೇಶಕ್ಕೆ ಡಾಕ್ಟರು ಬೇಕು, ಹಂಗಾದ್ರೆ ಓದೋರಿಂದಲೇ ಹಣ ಕೂಡಿಸಿ ಕಾಲೇಜು ನಡೆಸೋಣ ಅನ್ನೋದು ಅವರ ಯೋಚನೆ. ಅದು ಕೆಲಸ ಮಾಡ್ತು. ಒಳ್ಳೆ ಡಾಕ್ಟರುಗಳೂ ಬಂದರು. ಅದರ ಜೊತೆಗೇ ಒಂದು ದಾರಿಯೂ ಬಿತ್ತು. ಕೊಡೋನು ಊರ ದೇಸಾಯಿ ಅಲ್ಲ, ಹುಡುಗನ ಅಪ್ಪ.

ಆ ದಾರಿ 1980ರ ಹೊತ್ತಿಗೆ ಹೆದ್ದಾರಿ ಆಯ್ತು. ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದಾಗ ರಾಜ್ಯದ ತುಂಬ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಅನುಮತಿ ಸಿಕ್ಕಿತು. ಬಿಜಾಪುರದಲ್ಲಿ ಇವತ್ತು ಹಳಕಟ್ಟಿಯವರ ಹೆಸರಿನಲ್ಲಿರೋ ಇಂಜಿನಿಯರಿಂಗ್ ಕಾಲೇಜು ಹುಟ್ಟಿದ್ದೂ 1980ರಲ್ಲೇ. 1984ರಲ್ಲಿ ಅಲ್-ಅಮೀನ್ ಮೆಡಿಕಲ್ ಕಾಲೇಜು, 1986ರಲ್ಲಿ ಬಿಎಲ್‌ಡಿಇಯ ಮೆಡಿಕಲ್ ಕಾಲೇಜು ಬಂದವು. ಆಗ ಬಾಗಲಕೋಟೆಯೂ ನಮ್ಮ ಜಿಲ್ಲೆಯಲ್ಲೇ ಇತ್ತು. ಅಲ್ಲಿಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು 1963ರದ್ದು. ಈ ಕಾಲೇಜುಗಳು ಬರದಿದ್ದರೆ ನಮ್ಮ ಕಡೆಯ ಎಷ್ಟೋ ಹುಡುಗ ಹುಡುಗಿಯರು ಇಂಜಿನಿಯರು, ಡಾಕ್ಟರು ಆಗ್ತಿರಲಿಲ್ಲ. ಬಸ್ ಪಾಸ್ ಮಾಡಿಸಿ, ಮನೆ ರೊಟ್ಟಿ ಕಟ್ಟಿಕೊಂಡು ದಿನಾ ಬಿಜಾಪುರಕ್ಕೆ ಹೋಗಿ ಬಿಇ ಮಾಡಿದವರು ನಮ್ಮೂರಲ್ಲೂ ಇದ್ದಾರೆ. ಇದನ್ನ ಮರೆತು ಬರೆಯೋದು ತಪ್ಪು.

ಆದ್ರೆ ರಾಜ್ಯದಲ್ಲಿ ಆ ಹೊತ್ತಿಗೆ ಡೊನೇಷನ್ ಅನ್ನೋ ಶಬ್ದ ಮನೆಮಾತಾಗಿತ್ತು. ಅದರ ಹಾವಳಿ ಎಷ್ಟಿತ್ತಂದ್ರೆ 1984ರಲ್ಲಿ ಸರ್ಕಾರ ಅದನ್ನ ನಿಷೇಧಿಸೋ ಕಾಯ್ದೆಯನ್ನೇ ತಂತು. ಕಾಯ್ದೆ ಬಂತು, ದರಪಟ್ಟಿಯೂ ಬಂತು. ಖಾಸಗಿ ಮೆಡಿಕಲ್ ಕಾಲೇಜುಗಳಿಗೆ 1989ರ ಸರ್ಕಾರಿ ಆದೇಶ ಗೊತ್ತು ಮಾಡಿದ ಶುಲ್ಕ ನೋಡ್ರಿ: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದವರಿಗೆ 25,000, ಹೊರ ರಾಜ್ಯದವರಿಗೆ 60,000. ಅದೇ ಕ್ಲಾಸು, ಅದೇ ಬೆಂಚು, ಮೂರು ದರ.

ಉತ್ತರ ಪ್ರದೇಶದ ಮೀರತ್ತಿನ ಮೋಹಿನಿ ಜೈನ್ ಅನ್ನೋ ವಿದ್ಯಾರ್ಥಿನಿ ತುಮಕೂರಿನ ಒಂದು ಕಾಲೇಜಿನಲ್ಲಿ ಸೀಟು ಕೇಳಿದಾಗ ಆ 60,000ದ ಪ್ರಶ್ನೆ ಬಂತು. ಅವರ ಅಪ್ಪನಿಗೆ ಕೊಡೋ ಶಕ್ತಿ ಇರಲಿಲ್ಲ. ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು. 1992ರ ಜುಲೈನಲ್ಲಿ ಕೋರ್ಟು, ಹೀಗೆ ಕ್ಯಾಪಿಟೇಷನ್ ತಗೊಳ್ಳೋದು ಶಿಕ್ಷಣದ ಹಕ್ಕಿಗೇ ವಿರುದ್ಧ ಅಂತು. ಮರುವರ್ಷ ಉಣ್ಣಿಕೃಷ್ಣನ್ ಕೇಸಿನಲ್ಲಿ ದೊಡ್ಡ ಪೀಠ ಅದನ್ನ ಸ್ವಲ್ಪ ಸಡಿಲ ಮಾಡಿ ಒಂದು ವ್ಯವಸ್ಥೆ ಕೊಟ್ಟಿತು: ಅರ್ಧ ಸೀಟು ಫ್ರೀ, ಅರ್ಧ ಪೇಮೆಂಟ್, ಎರಡೂ ಮೆರಿಟ್ ಮೇಲೆ. ಅದರ ಬೆನ್ನಿಗೇ 1994ರಲ್ಲಿ ಕರ್ನಾಟಕದಲ್ಲಿ ಸಿಇಟಿ ಸೆಲ್ ಬಂತು.

ಸಿಇಟಿ ಬಗ್ಗೆ ಬೈಯೋರು ಬಹಳ. ಆದ್ರೆ ಹಳ್ಳಿ ಮನೆಯಲ್ಲಿ ಕೂತು ಯೋಚನೆ ಮಾಡಿ. ಅದಕ್ಕೂ ಮುಂಚೆ ಖಾಸಗಿ ಕಾಲೇಜಿನ ಸೀಟು ಅಂದ್ರೆ ಯಾರೋ ಪರಿಚಯದವರ ಹಿಂದೆ ಹೋಗಿ, ಕೈಮುಗಿದು, ಚೌಕಾಶಿ ಮಾಡೋದು. ಸಿಇಟಿ ಬಂದ ಮೇಲೆ ರ‍್ಯಾಂಕ್ ಇದ್ದ ಹುಡುಗ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಕೌನ್ಸೆಲಿಂಗ್‌ನಲ್ಲಿ ತನ್ನ ಸೀಟು ತಾನೇ ಆರಿಸಿಕೊಂಡು ಬರಬಹುದಿತ್ತು. ಯಾರಿಗೂ ಕೈಮುಗಿಯೋ ಹಂಗಿರಲಿಲ್ಲ. ನನಗಿಂತ ಹತ್ತು ವರ್ಷ ದೊಡ್ಡವರಾದ ಎಷ್ಟೋ ಸಾಫ್ಟ್‌ವೇರ್ ಇಂಜಿನಿಯರುಗಳ ಕಥೆ ಶುರುವಾಗೋದು ಆ ರಾತ್ರಿ ಬಸ್ಸಿನಿಂದಲೇ.

2002ರಲ್ಲಿ ಟಿ.ಎಂ.ಎ. ಪೈ ಫೌಂಡೇಷನ್ ಕೇಸಿನಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ 1993ರ ವ್ಯವಸ್ಥೆಯನ್ನ ತೆಗೆದುಹಾಕಿತು. ಅನುದಾನ ಪಡೆಯದ ಕಾಲೇಜು ತನ್ನ ಶುಲ್ಕ ತಾನು ಗೊತ್ತು ಮಾಡಬಹುದು, ಬೆಳವಣಿಗೆಗೆ ಬೇಕಾದಷ್ಟು ಹಣ ಉಳಿಸಿಕೊಳ್ಳಬಹುದು, ಆದರೆ ಲಾಭಕೋರತನ ಮಾಡುವಂತಿಲ್ಲ, ಕ್ಯಾಪಿಟೇಷನ್ ತಗೊಳ್ಳುವಂತಿಲ್ಲ ಅಂತು. 2005ರ ಇನಾಂದಾರ್ ತೀರ್ಪು ಅದನ್ನೇ ಇನ್ನಷ್ಟು ಬಿಡಿಸಿ ಹೇಳಿತು. ನಾವು ಇವತ್ತು ನೋಡ್ತಿರೋ ಸರ್ಕಾರಿ ಕೋಟಾ, ಕಾಮೆಡ್-ಕೆ, ಮ್ಯಾನೇಜ್‌ಮೆಂಟ್ ಅನ್ನೋ ಮೂರು ಬಾಗಿಲು ಈ ಜಗ್ಗಾಟದ ಫಲ.

ನಾನು ಹೋದದ್ದು ಮೂರನೇ ಬಾಗಿಲಿನಿಂದ. 2006ರಲ್ಲಿ ನನ್ನ ಸಿಇಟಿ ರ‍್ಯಾಂಕ್ ಹೇಳಿಕೊಳ್ಳುವಂಗಿರಲಿಲ್ಲ. ಜಿಲ್ಲೆಯ ಹೊರಗಿನ ಒಂದು ಕಾಲೇಜು, ಹೆಸರು ಬ್ಯಾಡ. ಅಪ್ಪ ಎರಡು ಎಕರೆ ಮಾರಿದ. ಒಣ ಭೂಮಿ, ಮಳೆ ಬಂದ್ರೆ ಜೋಳ, ಇಲ್ಲಾಂದ್ರೆ ಕಲ್ಲು. ಆಫೀಸಿನಲ್ಲಿ ದುಡ್ಡು ಎಣಿಸಿ ಕೊಟ್ಟ. ಅದರಲ್ಲಿ ಒಂದಷ್ಟಕ್ಕೆ ಮಾತ್ರ ಪಾವತಿ ಸಿಕ್ಕಿತು. ಪಾವತಿಯ ಮೇಲೆ ಬರೆದಿದ್ದು: ಕಟ್ಟಡ ನಿಧಿಗೆ ಸ್ವಇಚ್ಛೆಯಿಂದ ಕೊಟ್ಟ ದೇಣಿಗೆ. ಅಪ್ಪ ಅದನ್ನ ಎರಡು ಸಲ ಓದಿ, ಮಡಚಿ, ಅಂಗಿ ಕಿಸೆಯಲ್ಲಿ ಇಟ್ಟುಕೊಂಡ. ಏನೂ ಮಾತಾಡಲಿಲ್ಲ.

ಕ್ಯಾಂಪಸ್‌ಗೆ ದೊಡ್ಡ ದೊಡ್ಡ ಕಂಪನಿ ಬರ್ತಾವೆ ಅಂತ ಹೇಳಿದ್ದರು. ನಾವು ಮುಗಿಸೋ ಹೊತ್ತಿಗೆ 2008ರ ಆರ್ಥಿಕ ಹಿಂಜರಿತದ ಪೆಟ್ಟು ಇನ್ನೂ ಇಳಿದಿರಲಿಲ್ಲ. ಬಂದ ಕಂಪನಿ ಬೆರಳೆಣಿಕೆ. ನನಗೆ ಕೆಲಸ ಸಿಕ್ಕಿದ್ದು ಬೆಂಗಳೂರಲ್ಲಿ ಗೆಳೆಯನ ರೂಮಿನಲ್ಲಿ ಎಂಟು ತಿಂಗಳು ಬಿದ್ದುಕೊಂಡು, ಕೋರ್ಸ್ ಮಾಡಿ, ಬಾಗಿಲು ಬಾಗಿಲು ತಟ್ಟಿದ ಮೇಲೆ. ಆಮೇಲೆ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ನಮ್ಮ ಕಡೆ ಬಂತು. ಅಪ್ಪ ಮಾರಿದ ಆ ಎರಡು ಎಕರೆಯಲ್ಲಿ ಈಗ ದ್ರಾಕ್ಷಿ ಇದೆ. ಊರಿಗೆ ಹೋದಾಗ ಅಪ್ಪ ಆ ದಾರಿ ಬಿಟ್ಟು ಸುತ್ತು ಹಾಕಿ ಹೋಗ್ತಾನೆ. ಕೇಳಿದ್ರೆ ಹೇಳೋದು, "ಆ ಕಡೆ ಕೆಸರು ಭಾಳ ಅದ."

ಅಮೆರಿಕದ ಕಥೆ ಬೇರೆ. ಅಲ್ಲಿ ಲಾಭಕ್ಕಾಗಿಯೇ ಯೂನಿವರ್ಸಿಟಿ ನಡೆಸೋದು ಕಾನೂನುಬದ್ಧ. 1976ರಲ್ಲಿ ಜಾನ್ ಸ್ಪರ್ಲಿಂಗ್ ಶುರು ಮಾಡಿದ ಯೂನಿವರ್ಸಿಟಿ ಆಫ್ ಫೀನಿಕ್ಸ್‌ನಲ್ಲಿ 2010ರ ಹೊತ್ತಿಗೆ ನಾಲ್ಕು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರು. ಅದನ್ನ ನಡೆಸೋ ಕಂಪನಿಯ ಷೇರು ಮಾರುಕಟ್ಟೆಯಲ್ಲಿತ್ತು. ಕೊರಿಂಥಿಯನ್ ಕಾಲೇಜಸ್ ಅನ್ನೋ ಇನ್ನೊಂದು ಕಂಪನಿ, ಎಷ್ಟು ಜನರಿಗೆ ನೌಕರಿ ಸಿಕ್ತು ಅನ್ನೋ ಲೆಕ್ಕವನ್ನೇ ಸುಳ್ಳು ಹೇಳಿ ಸಿಕ್ಕಿಬಿದ್ದು 2015ರಲ್ಲಿ ಬಾಗಿಲು ಹಾಕಿತು. ಮರುವರ್ಷ ಐಟಿಟಿ ಟೆಕ್ ಮುಚ್ಚಿತು. ವಿದ್ಯಾರ್ಥಿಗಳ ತಲೆ ಮೇಲೆ ಸಾಲ ಉಳೀತು.

ನಮ್ಮಲ್ಲಿ ಕಾಲೇಜು ನಡೆಸೋದು ಟ್ರಸ್ಟು, ಸೊಸೈಟಿ. ಕಾನೂನಿನ ಕಣ್ಣಲ್ಲಿ ಇದು ಲಾಭದ ವ್ಯಾಪಾರ ಅಲ್ಲ. 1981ರಲ್ಲಿ ಶುರುವಾದ ಎನ್‌ಐಐಟಿಯಂಥ ಕಂಪ್ಯೂಟರ್ ಕ್ಲಾಸಿನವರು ನೇರವಾಗಿ ನಾವು ಕಂಪನಿ ಅಂತ ಹೇಳಿ ವ್ಯಾಪಾರ ಮಾಡಿದರು. ಪದವಿ ಕೊಡೋರು ಹಂಗೆ ಹೇಳುವಂತಿಲ್ಲ. ಹಂಗಾಗಿ ಲಾಭ ಮಾಡೋರು ಬೇರೆ ಹೆಸರು ಹುಡುಕ್ತಾರೆ. ಛತ್ತೀಸಗಢದಲ್ಲಿ 2002ರ ಕಾಯ್ದೆ ಹಿಡಿದು ನೂರಕ್ಕೂ ಹೆಚ್ಚು ಖಾಸಗಿ ಯೂನಿವರ್ಸಿಟಿ ಹುಟ್ಟಿಕೊಂಡಿದ್ದವು. ಬಹಳಷ್ಟಕ್ಕೆ ಕಟ್ಟಡವೂ ಇರಲಿಲ್ಲ. 2005ರಲ್ಲಿ ಪ್ರೊಫೆಸರ್ ಯಶಪಾಲ್ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟು ಅವುಗಳನ್ನ ರದ್ದು ಮಾಡ್ತು. ಅಮೆರಿಕದಲ್ಲಿ ಲಾಭಕ್ಕೆ ಲಾಭ ಅನ್ನೋ ಹೆಸರಿತ್ತು, ಅದಕ್ಕೆ ಲೆಕ್ಕ ಕೇಳೋರೂ ಇದ್ದರು. ನಮ್ಮಪ್ಪನ ಪಾವತಿಯಲ್ಲಿ ಅದರ ಹೆಸರು ದೇಣಿಗೆ. ದಾನ ಕೊಟ್ಟವನು ಲೆಕ್ಕ ಕೇಳೋದು ಹೆಂಗೆ?

ನನಗೆ ಸಿಟ್ಟಿರೋದು ಶುಲ್ಕದ ಮೇಲಲ್ಲ. ಕಾಲೇಜು ನಡೆಸೋದಕ್ಕೆ ದುಡ್ಡು ಬೇಕು, ಮೇಷ್ಟ್ರಿಗೆ ಸಂಬಳ ಬೇಕು, ಲ್ಯಾಬ್ ಬೇಕು. ಸಿಟ್ಟಿರೋದು ಆ ಶಬ್ದದ ಮೇಲೆ. ಶಿರಸಂಗಿ ದೇಸಾಯರು ಆಸ್ತಿ ಬರೆದುಕೊಟ್ಟಾಗ ಬಳಸಬಹುದಾದ ಶಬ್ದವನ್ನ, ರೈತನೊಬ್ಬ ಹೊಲ ಮಾರಿ ತಂದ ದುಡ್ಡಿನ ಮೇಲೆ ಬರೆದರಲ್ಲ, ಅದು.

ವಾರದ ಮೇಲೆ ಕಾಕಾಗೆ ಫೋನ್ ಮಾಡಿದೆ.

"ಕಾಕಾ, ಬೆಂಗಳೂರಿಗೆ ಕಳಸಬ್ಯಾಡ್ರಿ ಅಂತ ನಾ ಹೇಳಂಗಿಲ್ಲ. ಹೊಲ ಮಾತ್ರ ಈಗs ಮಾರಬ್ಯಾಡ್ರಿ. ಮೊದ್ಲ ಸಿಇಟಿ ರ‍್ಯಾಂಕ್ ಬರಲಿ. ಆ ರ‍್ಯಾಂಕಿಗೆ ವಿಜಯಪುರ, ಬಾಗಲಕೋಟಿ, ಹುಬ್ಬಳ್ಳಿಯೊಳಗ ಏನ್ ಸಿಗ್ತದ ನೋಡೂಣು. ಆ ಯೂನಿವರ್ಸಿಟಿಯವರಿಗೆ ನಾಲ್ಕು ಮಾತು ಕೇಳ್ರಿ. ನಾಲ್ಕೂ ವರ್ಷದ ಫೀ ಬರದು ಕೊಡ್ತೀರೇನು? ಕೊಟ್ಟ ಒಂದೊಂದು ರೂಪಾಯಿಗೂ ಪಾವತಿ ಕೊಡ್ತೀರೇನು? ಹೋದ ವರ್ಷ ಎಷ್ಟು ಮಂದಿ ಪಾಸಾದ್ರು, ಅದರಾಗ ಎಷ್ಟು ಮಂದಿಗೆ ನೌಕರಿ ಸಿಕ್ತು? ಎಲ್ಲಾರಕಿಂತ ಹೆಚ್ಚು ಪಗಾರ ಸಿಕ್ಕವನ ಫೋಟೋ ಬ್ಯಾಡ, ಸಾಲಿನಾಗ ನಡುವ ನಿಂತವನ ಪಗಾರ ಎಷ್ಟು?"

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಿಮ್ಮಪ್ಪ ಇವನ್ನ ಕೇಳಿದ್ನೇನು ಅವಾಗ?"

"ಇಲ್ರಿ ಕಾಕಾ. ಕೇಳಬೇಕು ಅಂತ ನಮಗ ಯಾರೂ ಹೇಳಿರಲಿಲ್ಲ."

"ಆತು. ನಾ ಕೇಳ್ತೀನಿ," ಅಂದ್ರು. ಆಮೇಲೆ ಹಿಂದಿನಿಂದ ಹುಡುಗನ ದನಿ ಕೇಳಿಸ್ತು. ಸಾಲಿನಾಗ ನಡುವ ನಿಂತವ ಅಂದ್ರ ಯಾರಪ್ಪಾ ಅಂತ ಕೇಳ್ತಿದ್ದ. ಫೋನ್ ಅವನ ಕೈಗೆ ಕೊಡ್ರಿ ಅಂದೆ. ಅವನಿಗೆ ಮೀಡಿಯನ್ ಅಂದ್ರೇನು ಅಂತ ಹೇಳಿಕೊಡೋದಕ್ಕೆ ಅರ್ಧ ಗಂಟೆ ಹಿಡೀತು.