ಕುಲುಮೆಯ ಹದ, ಉಕ್ಕಿನ ಹದ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಭೂಮಿಯಲ್ಲಿ ಜೋಳ, ತೊಗರಿ ಬೆಳೆಯುವ ಒಕ್ಕಲುತನವು ಟ್ರ್ಯಾಕ್ಟರ್ ಬರುವವರೆಗೂ ಊರ ಕಮ್ಮಾರನ ಕುಲುಮೆಯನ್ನೇ ನೆಚ್ಚಿಕೊಂಡಿತ್ತು. ನೇಗಿಲ ಕುಳವನ್ನು ಕಾಯಿಸಿ ಬಡಿದು ಮೊನೆ ಮಾಡುವುದು, ಬಂಡಿಯ ಗಾಲಿಗಿಂತ ತುಸು ಕಿರಿದಾದ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ತೊಡಿಸಿ, ನೀರೆರೆದು ಬಿಗಿಯುವುದು ಅವನ ಕಸುಬಾಗಿತ್ತು. ಅದಕ್ಕೆ ಸುಗ್ಗಿಯಲ್ಲಿ ಆಯ, ಎಂದರೆ ರಾಶಿಯಿಂದ ಅಳೆದುಕೊಡುವ ಧಾನ್ಯದ ಪಾಲು, ಸಲ್ಲುತ್ತಿತ್ತು.

ಈ ಕಸುಬಿನ ತಿರುಳು ಹದದಲ್ಲಿತ್ತು. ಕಾದ ಉಕ್ಕನ್ನು ನೀರಿಗದ್ದಿದರೆ ಅದು ಗಡುಸಾಗುವುದರ ಜೊತೆಗೆ ಪೆಡಸೂ ಆಗಿ ಒಡೆಯುವುದರಿಂದ, ಮತ್ತೆ ಹಿತವಾಗಿ ಕಾಯಿಸಿ ಆ ಪೆಡಸನ್ನು ಇಳಿಸಬೇಕಾಗುತ್ತಿತ್ತು. ಮೋಟಾರು ವಾಹನಗಳ ಕ್ರ್ಯಾಂಕ್‌ಶಾಫ್ಟ್, ಕನೆಕ್ಟಿಂಗ್ ರಾಡ್‌ಗಳಂಥ ಬಡಿದು ರೂಪಿಸಿದ ಬಿಡಿಭಾಗಗಳಿಗೂ ಕಾರ್ಖಾನೆಗಳು ಬಹುಕಾಲ ಇದೇ ಕ್ರಮವನ್ನು ಅನುಸರಿಸಿದವು.

ಈ ತಾಲ್ಲೂಕುಗಳು 1948ರವರೆಗೆ ಸೇರಿದ್ದ ನಿಜಾಮರ ರಾಜ್ಯದಲ್ಲೇ, ಈಗಿನ ತೆಲಂಗಾಣದ ಕೋನಸಮುದ್ರಂನಲ್ಲಿ, ಮೂಸೆಯಲ್ಲಿ ಕರಗಿಸಿ ಉಕ್ಕು ಮಾಡುವ ಕುಲುಮೆಗಳಿದ್ದು, ಅಲ್ಲಿನ ಸರಕನ್ನು ಪರ್ಷಿಯಾದ ವರ್ತಕರು ಕತ್ತಿಗಳಿಗಾಗಿ ಕೊಳ್ಳುತ್ತಿದ್ದರು. ಇಂಥ ಉಕ್ಕಿಗೆ ಯುರೋಪಿನಲ್ಲಿ ರೂಢಿಯಾದ ‘ವೂಟ್ಜ್’ ಎಂಬ ಹೆಸರು ಕನ್ನಡದ ‘ಉಕ್ಕು’ ಪದದಿಂದ ಬಂದುದೆಂದು ವಿದ್ವಾಂಸರು ಹೇಳುತ್ತಾರೆ. ಇಂಥ ಉಕ್ಕಿನಿಂದ ಮಾಡಿದ ಡಮಾಸ್ಕಸ್ ಕತ್ತಿಗಳ ಅಲೆಯಂಥ ವಿನ್ಯಾಸಕ್ಕೆ ಉಕ್ಕಿನಲ್ಲಿ ಸಹಜವಾಗಿ ಬೆರೆತಿದ್ದ ವನೇಡಿಯಂ ಎಂಬ ಲೋಹದ ಅತ್ಯಲ್ಪ ಅಂಶವು ನೆರವಾಗಿರಬೇಕೆಂದು 20ನೆಯ ಶತಮಾನದ ಕೊನೆಯಲ್ಲಿ ನಡೆದ ಪ್ರಯೋಗಗಳು ಸೂಚಿಸಿದವು.

ವನೇಡಿಯಂ ಉಕ್ಕನ್ನು 1908ರ ಫೋರ್ಡ್ ಮಾಡೆಲ್ ಟಿ ಕಾರು ಜನಬಳಕೆಗೆ ತಂದಿತು. 1970ರ ದಶಕದಲ್ಲಿ ಜರ್ಮನಿಯಲ್ಲಿ ಬಡಿದ ಬಿಡಿಭಾಗಗಳಿಗೆಂದೇ ಸೂಕ್ಷ್ಮ ಮಿಶ್ರಲೋಹದ ಉಕ್ಕು ರೂಪುಗೊಂಡಿತು. ಇದರಲ್ಲಿ ವನೇಡಿಯಂ, ನಯೋಬಿಯಂ ಅಥವಾ ಟೈಟಾನಿಯಂ ಸಾಮಾನ್ಯವಾಗಿ ಶೇಕಡಾ 0.1ರ ಆಸುಪಾಸಿನಲ್ಲಷ್ಟೇ ಇರುತ್ತದೆ. ಬಿಸಿಯಲ್ಲಿ ಕರಗಿದ ಈ ಧಾತುಗಳು ಭಾಗ ತಣಿಯುವಾಗ ಇಂಗಾಲ, ಸಾರಜನಕಗಳೊಡನೆ ಕೂಡಿ, ಬರಿಗಣ್ಣಿಗೆ ಕಾಣದ ಕಣಗಳಾಗಿ ಲೋಹದೊಳಗೆ ಹರಡಿ, ಅದು ಬಾಗದಂತೆ ತಡೆಯುತ್ತವೆ. ಆದುದರಿಂದ ಅದ್ದಿ ತಣಿಸುವ, ಮತ್ತೆ ಕಾಯಿಸುವ ಹಂತಗಳು ತಪ್ಪಿ ಇಂಧನ ಉಳಿಯುತ್ತದೆ. ಆದರೆ ಗಾಳಿಯಲ್ಲಿ ತಣಿಯುವ ವೇಗ ತಪ್ಪಿದರೆ ಬಲವೂ ಪೆಟ್ಟು ತಾಳುವ ಗುಣವೂ ಕೆಡುವುದರಿಂದ, ಕಮ್ಮಾರನ ಕಣ್ಣು ಮಾಡುತ್ತಿದ್ದ ಕಾವಲನ್ನು ಇಲ್ಲಿ ಉಷ್ಣಮಾಪಕವು ಮಾಡಬೇಕಾಗುತ್ತದೆ.

ಹೀಗೆ ಹದವು ಕೈಯಿಂದ ಉಕ್ಕಿನ ಪಾಕಕ್ಕೆ ಸರಿದಿದೆ. ರಬ್ಬರಿನ ಟೈರು ಬಂದು ಹಳಿ ತೊಡಿಸುವ ಕೆಲಸ ಕುಗ್ಗಿದಂತೆ, ಬೆಂಕಿಯ ಬಣ್ಣವನ್ನು ನೋಡಿಯೇ ಕಾವು ಅರಿಯುತ್ತಿದ್ದ ವಿದ್ಯೆಯೂ ಹಿರಿಯ ಕಮ್ಮಾರರ ನೆನಪಿಗೆ ಸೀಮಿತವಾಗುತ್ತಿದೆ. ಲೋಕಕ್ಕೆ ಉಕ್ಕಿನ ಹೆಸರೊಂದನ್ನು ಕೊಟ್ಟ ನುಡಿಯು ಆ ವಿದ್ಯೆಯನ್ನೂ ಅದರ ಮಾತುಗಳನ್ನೂ ಬರೆದಿಡದಿದ್ದರೆ, ಕನ್ನಡ ನಾಡಿನ ಲೋಹ ಚರಿತ್ರೆಯ ಒಂದು ಅಧ್ಯಾಯವೇ ಓದುವ ಮುನ್ನ ಅಳಿದುಹೋಗುತ್ತದೆ.