ದಿನದ ಖಗೋಳ ಚಿತ್ರ

ದಿನದ ಖಗೋಳ ಚಿತ್ರವು ಅಮೆರಿಕದ ನಾಸಾ ಹಾಗೂ ಮಿಷಿಗನ್ ತಾಂತ್ರಿಕ ವಿಶ್ವವಿದ್ಯಾಲಯಗಳ ಸಹಯೋಗದ ಜಾಲತಾಣ. ಖಗೋಳ ವಿಜ್ಞಾನಿಗಳಾದ ರಾಬರ್ಟ್ ನೆಮಿರಾಫ್ ಮತ್ತು ಜೆರ್ರಿ ಬಾನೆಲ್ ಇದನ್ನು 1995ರ ಜೂನ್ 16ರಂದು ಆರಂಭಿಸಿದರು. ಪ್ರತಿದಿನ ಒಂದು ಚಿತ್ರ, ಅದರೊಡನೆ ಖಗೋಳಜ್ಞರೊಬ್ಬರ ಕಿರು ವಿವರಣೆ ಪ್ರಕಟವಾಗುತ್ತವೆ.

ಕಿರು ಜಾಲತಾಣದ ರಚನೆ

ನಾಸಾದ ಎಪಿಐ ಸೇವೆಯ ಮೂಲಕ ಈ ಚಿತ್ರವನ್ನು ಬೇರೊಂದು ಪುಟದಲ್ಲಿ ತೋರಿಸಬಹುದು. ಕೋರಿಕೆಗೆ ಉತ್ತರವಾಗಿ ದಿನಾಂಕ, ಶೀರ್ಷಿಕೆ, ವಿವರಣೆ ಮತ್ತು ಚಿತ್ರದ ವಿಳಾಸಗಳು ಜೇಸನ್ ಎಂಬ ಪಠ್ಯರೂಪದಲ್ಲಿ ದೊರೆಯುತ್ತವೆ. ಕೆಲವು ದಿನ ಚಿತ್ರದ ಬದಲು ವಿಡಿಯೊ ಇರುತ್ತದೆ. ಇದನ್ನು ಮೊದಲೇ ಪರೀಕ್ಷಿಸದ ಪುಟದಲ್ಲಿ ಚಿತ್ರದ ಜಾಗ ಖಾಲಿಯಾಗಿ ಕಾಣುತ್ತದೆ.

ಹೆಚ್ಚಿನ ತೊಡಕು ಕಾಲಮಾನದ್ದು. ಹೊಸ ಚಿತ್ರ ಅಮೆರಿಕದ ಪೂರ್ವ ಕರಾವಳಿಯ ಮಧ್ಯರಾತ್ರಿಯ ಸುಮಾರಿಗೆ ಬರುತ್ತದೆ. ಆಗ ಭಾರತದಲ್ಲಿ ಬೆಳಗಿನ 9:30. ಅಲ್ಲಿನ ಚಳಿಗಾಲದಲ್ಲಿ 10:30. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವ, ಸವಣೂರು ಅಥವಾ ಹಿರೇಕೆರೂರಿನ ಶಾಲೆಯೊಂದರಲ್ಲಿ ಬೆಳಿಗ್ಗೆ 9ಕ್ಕೆ ಅಂದಿನ ದಿನಾಂಕ ನಮೂದಿಸಿ ಕೋರಿದರೆ ದೋಷಸಂದೇಶವಷ್ಟೇ ಬರುತ್ತದೆ. ದಿನಾಂಕ ಬಿಟ್ಟು ಕೋರಿದರೆ ಲಭ್ಯವಿರುವ ಇತ್ತೀಚಿನ ಚಿತ್ರ ಸಿಗುತ್ತದೆ.

ನೋಂದಣಿಯಿಲ್ಲದ ಪ್ರಾಯೋಗಿಕ ಕೀಲಿಗೆ ಒಂದು ಐಪಿ ವಿಳಾಸದಿಂದ ಗಂಟೆಗೆ 30, ದಿನಕ್ಕೆ 50 ಕೋರಿಕೆಗಳ ಮಿತಿಯನ್ನು ನಾಸಾ ನಿಗದಿಪಡಿಸಿದೆ. ಒಂದೇ ಅಂತರ್ಜಾಲ ಸಂಪರ್ಕವನ್ನು ಹಂಚಿಕೊಂಡ ಶಾಲಾ ಗಣಕ ಕೊಠಡಿಯಲ್ಲಿ ಇದು ಒಂದೇ ತರಗತಿಗೆ ಮುಗಿದೀತು. ದಿನಕ್ಕೊಮ್ಮೆ ಮಾಹಿತಿ ಪಡೆದು ಉಳಿಸಿಕೊಂಡು, ಎಲ್ಲರಿಗೂ ಅದನ್ನೇ ತೋರಿಸುವುದು ಲೇಸು. ವಿವರಣೆ ಇಂಗ್ಲಿಷಿನಲ್ಲಿರುವುದರಿಂದ ಮಕ್ಕಳಿಗಾಗಿ ಕನ್ನಡದ ಸಾರಾಂಶವನ್ನೂ ಸೇರಿಸಬೇಕಾಗುತ್ತದೆ.

ಹಕ್ಕುಸ್ವಾಮ್ಯ

ನಾಸಾದ ಸ್ವಂತ ಚಿತ್ರಗಳು ಸಾಮಾನ್ಯವಾಗಿ ಹಕ್ಕುಸ್ವಾಮ್ಯಮುಕ್ತ. ಆದರೆ ಇಲ್ಲಿ ಹವ್ಯಾಸಿ ಛಾಯಾಗ್ರಾಹಕರ ಚಿತ್ರಗಳೂ ಬರುತ್ತವೆ. ಉತ್ತರದಲ್ಲಿ ಹಕ್ಕುದಾರರ ಹೆಸರಿದ್ದರೆ ಅದನ್ನು ಚಿತ್ರದ ಕೆಳಗೆ ತೋರಿಸಬೇಕು; ಮರುಬಳಕೆಗೆ ಅವರ ಅನುಮತಿಯನ್ನೂ ಪಡೆಯಬೇಕು.